ಮಗ ನನ್ನ ಕೈ ಊಟ ಮುಟ್ಟುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ನನಗೆ 46 ವರ್ಷ. ನಾನು ಮದುವೆಯಾಗಿ ಬಂದಾಗ ಯಜಮಾನರ ಮೊದಲ ಹೆಂಡತಿಯ ಮಗನಿಗೆ 7 ವರ್ಷ, ಈಗ 24. ನನಗೂ ಒಬ್ಬಳು ಮಗಳಿದ್ದಾಳೆ, 15 ವರ್ಷ. ಹೋದ ವರ್ಷ ಯಜಮಾನರು ಹಾರ್ಟ್ ಅಟ್ಯಾಕ್ ಆಗಿ ತೀರಿಕೊಂಡರು. ವಿಲ್ ಬರೆದಿರಲಿಲ್ಲ. ಖಾತೆ ಕೆಲಸಕ್ಕೆ ನನ್ನ ತಮ್ಮ ಓಡಾಡುತ್ತಿದ್ದಾನೆ. ಓದು ಮುಗಿಸಿ ಪುಣೆಯಿಂದ ಬಂದ ಮಗ ನಾನು ಬಡಿಸಿದ್ದನ್ನು ತಿನ್ನುವುದಿಲ್ಲ, ಹೋಟೆಲಿನಿಂದ ಪಾರ್ಸೆಲ್ ತರುತ್ತಾನೆ. ಮೊನ್ನೆ ರೋಮ್ ಚಕ್ರವರ್ತಿಗಳ ಬಗ್ಗೆ ಯಾವುದೋ ವಿಡಿಯೊ ನೋಡಿ, ‘ಚಿಕ್ಕಮ್ಮ, ಲಿವಿಯಾ ಕೂಡ ಗಂಡನಿಗೆ ಪ್ರೀತಿಯಿಂದಲೇ ಅಂಜೂರ ತಿನ್ನಿಸಿದ್ದಳಂತೆ’ ಅಂದ. ಮಗಳ ಎದುರಿಗೇ. ಎಲ್ಲ ಅವನ ಹೆಸರಿಗೆ ಬರೆದುಕೊಟ್ಟು ತವರಿಗೆ ಹೋಗಿಬಿಡಲೇ? ಅವರು ಐಸಿಯುನಲ್ಲಿದ್ದಾಗ ಅವನಿಗೆ ಪರೀಕ್ಷೆ ಇತ್ತು. ‘ಅಪ್ಪ ಚೆನ್ನಾಗಿದ್ದಾರೆ, ಮುಗಿಸಿಕೊಂಡು ಬಾ’ ಅಂದಿದ್ದೆ. ಅದು ತಪ್ಪಾಯಿತಾ?
– ಹೆಸರು ಬೇಡ, ಹಾಸನ ಜಿಲ್ಲೆ

ಪ್ರೀತಿಯ ಸೋದರಿ,

17 ವರ್ಷ ಬಡಿಸಿದ ಕೈ ಅದು. ತಟ್ಟೆ ಪಕ್ಕಕ್ಕೆ ಸರಿಸಿ ಪಾರ್ಸೆಲ್ ಬಿಚ್ಚುವ ಮಗನನ್ನು ನೋಡುತ್ತಾ ನೀವು ಹೇಗೆ ಕೂತಿರುತ್ತೀರೋ, ನೆನೆಸಿಕೊಂಡರೆ ಸಂಕಟವಾಗುತ್ತದೆ.

ಅವನು ನಿಮಗೆ ಇಟ್ಟ ಹೆಸರಿನಿಂದಲೇ ಶುರು ಮಾಡೋಣ. ಲಿವಿಯಾ ರೋಮ್‌ನ ಮೊದಲ ಚಕ್ರವರ್ತಿ ಆಗಸ್ಟಸ್‌ನ ಹೆಂಡತಿ. ಆಕೆಗೆ ಹಿಂದಿನ ಗಂಡನಿಂದ ಇಬ್ಬರು ಗಂಡುಮಕ್ಕಳು, ದೊಡ್ಡವನು ಟೈಬೀರಿಯಸ್. ಆಗಸ್ಟಸ್‌ಗೆ ಇದ್ದದ್ದು ಹಿಂದಿನ ಹೆಂಡತಿಯ ಮಗಳು ಜೂಲಿಯಾ ಒಬ್ಬಳೇ. ಅವಳನ್ನು ತನ್ನ ಅಕ್ಕನ ಮಗ ಮಾರ್ಸೆಲಸ್‌ಗೇ ಕೊಟ್ಟ. ಮುಂದಿನ ದೊರೆ ಅವನೇ ಅಂತ ಜನ ಅಂದುಕೊಂಡಿದ್ದರು. ಕ್ರಿ.ಪೂ. 23ರಲ್ಲಿ ಅವನು ಸತ್ತ. ಆಮೇಲೆ ಜೂಲಿಯಾಳ ಮಕ್ಕಳಾದ ಗೇಯಸ್, ಲೂಸಿಯಸ್ ಇಬ್ಬರನ್ನೂ ತಾತನೇ ದತ್ತು ತೆಗೆದುಕೊಂಡ. ಕ್ರಿ.ಶ. 2ರಲ್ಲಿ ಲೂಸಿಯಸ್ ಹೋದ, 4ರಲ್ಲಿ ಗೇಯಸ್. ಕೊನೆಗೆ ಪಟ್ಟ ಸಿಕ್ಕಿದ್ದು ಟೈಬೀರಿಯಸ್‌ಗೆ. ಇಷ್ಟು ಸಾಕಾಯಿತು. ಲಾಭ ಯಾರಿಗೋ ಕೈ ಅವರದೇ, ಎಲ್ಲ ಮಲತಾಯಿಯದೇ ಕೆಲಸ ಅಂತ ಜನ ಆಡಿಕೊಂಡರು.

ಆದರೆ ಒಂದೊಂದು ಸಾವನ್ನೂ ಬಿಡಿಸಿ ನೋಡಿ. ಮಾರ್ಸೆಲಸ್ ಸತ್ತ ವರ್ಷವೂ ಅದರ ಮುಂದಿನ ವರ್ಷವೂ ರೋಮ್‌ನಲ್ಲಿ ಕಾಯಿಲೆ ಹಬ್ಬಿ ಬಹಳ ಜನ ಸತ್ತಿದ್ದರು. ಲಿವಿಯಾ ಮೇಲಿನ ಅನುಮಾನವನ್ನು ಬರೆದಿಟ್ಟ ಇತಿಹಾಸಕಾರ ಕ್ಯಾಸಿಯಸ್ ಡಿಯೊನೇ ಇದನ್ನೂ ಬರೆದಿದ್ದಾನೆ. ಲೂಸಿಯಸ್ ತೀರಿಕೊಂಡಿದ್ದು ಈಗಿನ ಫ್ರಾನ್ಸ್‌ನ ಮಾರ್ಸೇಯಲ್ಲಿ, ಸ್ಪೇನ್‌ಗೆ ಹೋಗುವ ದಾರಿಯಲ್ಲಿ. ಗೇಯಸ್‌ಗೆ ಅರ್ಮೇನಿಯಾದ ಮುತ್ತಿಗೆಯಲ್ಲಿ ಗಾಯವಾಯಿತು. ಅದು ವಾಸಿಯಾಗದೆ, ಊರಿಗೆ ವಾಪಸ್ ಬರುವಾಗ ಈಗಿನ ಟರ್ಕಿಯ ಕರಾವಳಿಯಲ್ಲಿ ಸತ್ತ. ಅಷ್ಟು ದೂರದ ಸಾವಿಗೆ ಲಿವಿಯಾ ಕೈ ಇತ್ತು ಅನ್ನುವುದಕ್ಕೆ ಊಹೆ ಬಿಟ್ಟು ಯಾವ ಆಧಾರವೂ ಇಲ್ಲ.

ಇನ್ನು ಅಂಜೂರ. ಆಗಸ್ಟಸ್‌ಗೆ ಮರದಿಂದ ತಾನೇ ಹಣ್ಣು ಕಿತ್ತು ತಿನ್ನುವ ಅಭ್ಯಾಸವಂತೆ. ಲಿವಿಯಾ ಮರದಲ್ಲಿದ್ದ ಹಣ್ಣಿಗೇ ವಿಷ ಸವರಿ, ತಾನು ಮಾತ್ರ ಸವರದ ಹಣ್ಣು ತಿಂದಳಂತೆ. ಇದನ್ನು ಡಿಯೊ ಬರೆದಿದ್ದು ಸುಮಾರು 200 ವರ್ಷ ಆದಮೇಲೆ, ಅದೂ ‘ಹೀಗೊಂದು ಅನುಮಾನ ಇತ್ತು’ ಅಂತ. ಕ್ರಿ.ಶ. 14ರ ಆಗಸ್ಟ್ 19ರಂದು ನೋಲಾ ಊರಿನಲ್ಲಿ ಅವನು ಕಣ್ಣು ಮುಚ್ಚಿದಾಗ 76 ತುಂಬಲು ಒಂದು ತಿಂಗಳಷ್ಟೇ ಬಾಕಿ. ಮೊದಲೇ ಹುಷಾರಿರಲಿಲ್ಲ. ನಮ್ಮ ದಾಂಪತ್ಯವನ್ನು ಮರೆಯದೆ ಬಾಳು ಅಂತ ಲಿವಿಯಾಗೆ ಹೇಳಿ, ಅವಳಿಗೆ ಮುತ್ತಿಡುತ್ತಲೇ ಪ್ರಾಣಬಿಟ್ಟ ಎಂದು ಇನ್ನೊಬ್ಬ ಇತಿಹಾಸಕಾರ ಸ್ಯುಟೋನಿಯಸ್ ಬರೆದಿದ್ದಾನೆ. ವಿಡಿಯೊಗಳಿಗೆ ಈ ಮಾತು ಬೇಕಿಲ್ಲ, ಅಂಜೂರ ಬೇಕು.

ಹಾಗಂತ ಆ ಮನೆಯಲ್ಲಿ ವಿಷವೇ ಇರಲಿಲ್ಲ ಅನ್ನುವುದಿಲ್ಲ. 40 ವರ್ಷದ ನಂತರ ಅದೇ ಮನೆತನದ ಚಕ್ರವರ್ತಿ ಕ್ಲಾಡಿಯಸ್ ಸತ್ತಾಗ ಹಳೆಯ ಬರಹಗಾರರಲ್ಲಿ ಹೆಚ್ಚಿನವರು ಹೆಂಡತಿ ಅಗ್ರಿಪ್ಪಿನಾ ಕೊಟ್ಟ ಅಣಬೆಯ ಕಡೆಗೇ ಬೆರಳು ತೋರಿಸುತ್ತಾರೆ. ಆದ್ದರಿಂದ ಮಗನಿಗೆ ‘ನಿನಗೆ ಹುಚ್ಚು’ ಅಂತ ಮಾತ್ರ ಹೇಳಬೇಡಿ.

ಈಗ ನಿಮಗೆ ನಿಜವಾಗಿ ಹೇಳಬೇಕಾದ್ದಕ್ಕೆ ಬರುತ್ತೇನೆ. ಆಗಸ್ಟಸ್ ಸಾಯುವ ಹೊತ್ತಿನಲ್ಲಿ ಲಿವಿಯಾ ಮನೆಗೂ ಬೀದಿಗಳಿಗೂ ಕಾವಲು ಹಾಕಿಸಿದ್ದಳು. ‘ದೊರೆ ಚೇತರಿಸಿಕೊಳ್ಳುತ್ತಿದ್ದಾರೆ’ ಅಂತ ಆಗಾಗ ಸುದ್ದಿ ಹೊರಡುತ್ತಿತ್ತು. ಎಲ್ಲ ವ್ಯವಸ್ಥೆ ಆದಮೇಲೆ ಒಂದೇ ಉಸಿರಿನಲ್ಲಿ ಎರಡು ಸುದ್ದಿ: ಆಗಸ್ಟಸ್ ಇಲ್ಲ, ಟೈಬೀರಿಯಸ್ ಈಗ ಒಡೆಯ. ರೋಮ್‌ನ ಇತಿಹಾಸಕಾರ ಟ್ಯಾಸಿಟಸ್ ಹೇಳುವುದು ಹೀಗೆ. ದ್ವೀಪದಲ್ಲಿ ಸೆರೆಯಿದ್ದ ಕೊನೆಯ ಮೊಮ್ಮಗ ಪೋಸ್ಟ್ಯುಮಸ್‌ನನ್ನೂ ಆಗಲೇ ಕೊಂದರು. ನಾನು ಹೇಳಿಲ್ಲ ಅಂದ ಟೈಬೀರಿಯಸ್. ಅಂಜೂರದ ಕಥೆಗೆ ಕಾಲು ಬಂದಿದ್ದು ಆ ಮುಚ್ಚಿಟ್ಟ ದಿನಗಳಿಂದಲೇ ಅಂತ ನನಗೆ ಅನ್ನಿಸುತ್ತದೆ.

ನಿಮ್ಮ ಪತ್ರದ ಕೊನೆಯ ಸಾಲು ಇನ್ನೊಮ್ಮೆ ಓದಿ. ‘ಅಪ್ಪ ಚೆನ್ನಾಗಿದ್ದಾರೆ.’ ಅವನ ಓದು ಹಾಳಾಗಬಾರದು ಅಂತಲೇ ಹೇಳಿದಿರಿ, ನನಗೆ ಅನುಮಾನವಿಲ್ಲ. ಆದರೆ ಅವನ ಕಡೆಯಿಂದ ನೋಡಿ. ಚಿಕ್ಕವನಿದ್ದಾಗಲೇ ಹೆತ್ತ ತಾಯಿ ಇಲ್ಲವಾದಳು. ಅಪ್ಪನನ್ನು ಕೊನೆಗೊಮ್ಮೆ ನೋಡಲಿಲ್ಲ. ಬಂದು ನೋಡಿದರೆ ಖಾತೆ ಕಾಗದ ಹಿಡಿದು ನಿಮ್ಮ ತಮ್ಮ ಓಡಾಡುತ್ತಿದ್ದಾನೆ. ಹೌದು, ಅದು ತಪ್ಪಾಯಿತು. ತಪ್ಪು ಅಂತ ಅವನಿಗೆ ಹೇಳಬೇಕು.

ಬರೆದುಕೊಟ್ಟು ತವರಿಗೆ ಹೋಗುವುದು ಖಂಡಿತ ಬೇಡ. ಹೋದರೆ ಅವನ ಅನುಮಾನ ಹೋಗುವುದಿಲ್ಲ, ಜಾಸ್ತಿಯಾಗುತ್ತದೆ. ವಿಲ್ ಇಲ್ಲದಾಗ ಯಜಮಾನರ ಸ್ವಂತ ಗಳಿಕೆಯಲ್ಲಿ ಹೆಂಡತಿಗೂ ಇಬ್ಬರು ಮಕ್ಕಳಿಗೂ ಸಮಪಾಲು. ನಿಮ್ಮ ಅತ್ತೆ ಇದ್ದರೆ ಅವರಿಗೂ. ಮಗಳು ಇನ್ನೂ ಮೈನರ್, ಅವಳ ಪಾಲನ್ನು ಕೋರ್ಟ್ ಅನುಮತಿ ಇಲ್ಲದೆ ನೀವು ಬಿಟ್ಟುಕೊಡುವ ಹಾಗೂ ಇಲ್ಲ. ಪಿತ್ರಾರ್ಜಿತ ಜಮೀನು ಇದ್ದರೆ ಲೆಕ್ಕ ಬೇರೆ, ವಕೀಲರನ್ನು ಕೇಳಿ. ತಮ್ಮನಿಗೆ ‘ನೀನು ಮಾಡಿದ್ದು ಸಾಕಪ್ಪ’ ಅಂತ ಹೇಳಿ ಕಾಗದಗಳನ್ನು ವಾಪಸ್ ತಗೊಳ್ಳಿ. ವಂಶವೃಕ್ಷ, ಪೌತಿ ಖಾತೆ ಏನೇ ಇರಲಿ, ನಾಡಕಚೇರಿಗೆ ಮಗನನ್ನು ಕರೆದುಕೊಂಡು ನೀವೇ ಹೋಗಿ.

ಅದಕ್ಕೂ ಮೊದಲು, ಒಂದು ಭಾನುವಾರ ಆಸ್ಪತ್ರೆಯ ಫೈಲ್ ಪೂರ್ತಿ ಮೇಜಿನ ಮೇಲಿಡಿ. ಇಸಿಜಿ, ಔಷಧಿ ಬಿಲ್, ಡಾಕ್ಟರ್ ಬರೆದ ಕೊನೆಯ ಹಾಳೆ, ಎಲ್ಲ. ‘ನಿನಗೆ ನಂಬಿಕೆ ಇರುವ ಯಾವ ಡಾಕ್ಟರಿಗೆ ಬೇಕಾದರೂ ತೋರಿಸು’ ಅನ್ನಿ. ಆಮೇಲೆ ಆ ರಾತ್ರಿ ಏನಾಯಿತು ಅಂತ ಮೊದಲಿನಿಂದ ಹೇಳಿ. ಎದೆನೋವು ಎಷ್ಟು ಗಂಟೆಗೆ ಬಂತು, ಆಂಬುಲೆನ್ಸ್ ಯಾರು ಕರೆದರು, ಅವರು ಕೊನೆಗೆ ಏನು ಮಾತಾಡಿದರು. ಅಪ್ಪ ಅವನನ್ನು ಕೇಳಿದ್ದರೆ ಅದನ್ನೂ ಹೇಳಿ. ಅವನು ಕೂಗಾಡಬಹುದು, ಕೂಗಾಡಲಿ. ನೀವು ಅಳು ಬಂದರೆ ಅತ್ತುಬಿಡಿ.

ಆವತ್ತು ಅವನಿಗೆ ಬಡಿಸಲು ಹೋಗಬೇಡಿ. ಅನ್ನ, ಸಾರು ಪಾತ್ರೆ ಸಮೇತ ಮಧ್ಯದಲ್ಲಿಟ್ಟು ನೀವೂ ಮಗಳೂ ಊಟಕ್ಕೆ ಕೂತುಕೊಳ್ಳಿ. ಒಂದು ತಟ್ಟೆ ಅವನಿಗೂ ಇಟ್ಟಿರಿ.