ಮಸುಕು ಮಾಡಿದ ಮಾತ್ರಕ್ಕೆ ಗುಟ್ಟಾಗುವುದಿಲ್ಲ

ಪ್ರಶ್ನೆ: ಕ್ವಾಲಿಟಿ ಇಳಿಸಿ ಕುಗ್ಗಿಸಿದ ಫೋಟೊದಲ್ಲಿ ಮಾಹಿತಿ ಶಾಶ್ವತವಾಗಿ ಹೋಗುತ್ತದೆ, ಯಾವ ಕಂಪ್ಯೂಟರೂ ವಾಪಸ್ ತರಲಾರದು. ಅಂದಮೇಲೆ ಕೀ (ಗುಟ್ಟು ಬಿಡಿಸುವ ರಹಸ್ಯ ಸಂಖ್ಯೆ) ಇಲ್ಲದೆಯೇ ಇದು ಮಾಹಿತಿ ಸಿದ್ಧಾಂತದ ಜನಕ ಶಾನನ್ ಹೇಳಿದ ಪೂರ್ಣ ಭದ್ರತೆ ಅಲ್ವಾ?

ಉತ್ತರ: ಅಲ್ಲ. ಈ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತಲೇ ಇರುತ್ತದೆ. ಹೋದದ್ದು ನಿಜ. ಆದರೆ ಹೋದದ್ದು ಏನು? ಫೋಟೊ ಕುಗ್ಗಿಸುವ ಜೆಪೆಗ್ ವಿಧಾನ ಬಿಸಾಡುವುದು ಕಣ್ಣಿಗೆ ಬೇಡವಾದ ನವಿರು ವಿವರಗಳನ್ನು. ಗೋಡೆಯ ತರಿತರಿ, ಬಣ್ಣದ ಸಣ್ಣ ವ್ಯತ್ಯಾಸ, ಇಂಥವು. ಉಳಿಸಿಕೊಳ್ಳುವುದು ಮುಖ, ಅಕ್ಷರ, ಅಂಕಿ. ನೀವು ಬಚ್ಚಿಡಬೇಕಾದದ್ದೂ ಅದನ್ನೇ ತಾನೆ?

ಲೆಕ್ಕ ಹಾಕಿ. ಆಧಾರ್ ಸಂಖ್ಯೆಯ 12 ಅಂಕಿ ಅಂದರೆ ಹೆಚ್ಚೆಂದರೆ 40 ಬಿಟ್ (0 ಅಥವಾ 1 ಅನ್ನುವ ಮಾಹಿತಿಯ ಚಿಕ್ಕ ಘಟಕ). ಕೊನೆಯ ಅಂಕಿ ಉಳಿದವುಗಳಿಂದಲೇ ಬರುವುದರಿಂದ ಇನ್ನೂ ಕಡಿಮೆ. ಕಾರ್ಡಿನ ಫೋಟೊ 50 ಕೆಬಿ ಇದ್ದರೆ ಅದು 4 ಲಕ್ಷ ಬಿಟ್. ನೂರರಲ್ಲಿ 99 ಪಾಲು ಎಸೆದರೂ 4,000 ಬಿಟ್ ಉಳಿಯುತ್ತವೆ. ಅದರಲ್ಲಿ ನಿಮ್ಮ 40 ಬಿಟ್ ಇಲ್ಲ ಅಂತ ಯಾವ ಧೈರ್ಯದ ಮೇಲೆ ಹೇಳುತ್ತೀರಿ? ಚೌಕ ಚೌಕ ಮಾಡಿ ಮಸುಕುಗೊಳಿಸಿದರೂ ಅಷ್ಟೇ. ಕಳ್ಳ ಮೂಲ ಚಿತ್ರ ತರುವ ಗೋಜಿಗೇ ಹೋಗುವುದಿಲ್ಲ. 0ರಿಂದ 9ರವರೆಗೆ ಒಂದೊಂದು ಅಂಕಿಯನ್ನೂ ಅದೇ ಫಾಂಟ್‌ನಲ್ಲಿ ಬರೆದು, ಅದೇ ರೀತಿ ಮಸುಕು ಮಾಡಿ, ಯಾವುದು ಹೊಂದುತ್ತದೆ ಅಂತ ನೋಡುತ್ತಾನೆ. ಮೊದಲ 8 ಅಂಕಿ ಮರೆಮಾಡಿದ ಕಾರ್ಡನ್ನು ಆಧಾರ್ ಪ್ರಾಧಿಕಾರ ಯುಐಡಿಎಐ ತಾನೇ ಕೊಡುತ್ತದೆ. ಅದನ್ನು ಬಿಟ್ಟು ಬ್ಲರ್ ಆ್ಯಪ್ ಹಿಡಿದು ಕೂರುವವರಿಗೆ ಏನು ಹೇಳೋದು.

1949ರಲ್ಲಿ ಕ್ಲಾಡ್ ಶಾನನ್ ಹೇಳಿದ್ದೇ ಬೇರೆ. ಕದ್ದು ನೋಡಿದ ಮೇಲೂ ಕಳ್ಳನ ಊಹೆ ಒಂಚೂರೂ ಸುಧಾರಿಸಬಾರದು. ಅದಕ್ಕೆ ಸಂದೇಶದಲ್ಲಿ ಎಷ್ಟು ಮಾಹಿತಿ ಇದೆಯೋ ಕನಿಷ್ಠ ಅಷ್ಟು ಉದ್ದದ ರ‍್ಯಾಂಡಮ್ ಕೀ ಬೇಕು. ಅದನ್ನೂ ಒಂದೇ ಸಲ ಬಳಸಬೇಕು. ಕುಗ್ಗಿಸುವುದರ ಲಾಭ ಇರುವುದು ಇಲ್ಲೇ: 36 ಎಂಬಿ ಚಿತ್ರ 3 ಎಂಬಿ ಆದರೆ ಕೀ ಕೂಡ 3 ಎಂಬಿ ಸಾಕು. ಚಿತ್ರ ಎಷ್ಟು ಕೆಟ್ಟರೆ ಪರವಾಗಿಲ್ಲ ಅಂತ ನೀವು ಹೇಳಿದರೆ, ಎಷ್ಟು ಬಿಟ್ ಬೇಕು ಅನ್ನುವ ಲೆಕ್ಕವನ್ನೂ ಶಾನನ್ 1959ರಲ್ಲಿ ಕೊಟ್ಟಿದ್ದಾರೆ. ಕೀ ಖರ್ಚು ಇಳಿಯುತ್ತದೆ, ಕೀ ಮಾತ್ರ ಬೇಕೇ ಬೇಕು.

ಇಷ್ಟು ಹೇಳಿದ ಮೇಲೂ ಬುದ್ಧಿವಂತರು ಬಿಡುವುದಿಲ್ಲ. ಕಳ್ಳನಿಗೆ ಕೆಟ್ಟ ಚಿತ್ರ ಸಿಕ್ಕರೆ ಸಾಕಲ್ಲ, ಪೂರ್ಣ ಗುಟ್ಟು ಯಾಕೆ ಅನ್ನುತ್ತಾರೆ. ಸರಿ, ಒಂದೇ ಬಿಟ್‌ನ ಕೀ ತಗೊಳ್ಳಿ. 0 ಬಂದರೆ ಕಪ್ಪು-ಬಿಳುಪು ಚಿತ್ರ ಇದ್ದ ಹಾಗೇ ಹೋಗಲಿ. 1 ಬಂದರೆ ಕಪ್ಪು ಬಿಳಿಯಾಗಲಿ, ಬಿಳಿ ಕಪ್ಪಾಗಲಿ. ಚಿತ್ರದ ಬಗ್ಗೆ ಮೊದಲೇ ಏನೂ ಗೊತ್ತಿಲ್ಲದ ಕಳ್ಳ ಸರಾಸರಿ ಅರ್ಧದಷ್ಟು ಪಿಕ್ಸೆಲ್ ತಪ್ಪು ಊಹಿಸುತ್ತಾನೆ. ಈ ಅಳತೆಯಲ್ಲಿ ಅದಕ್ಕಿಂತ ಒಳ್ಳೆಯ ರಕ್ಷಣೆಯೇ ಇಲ್ಲ! ಆದರೆ ಸ್ಟುಡಿಯೊ ನೆಗೆಟಿವ್ ನೋಡಿದರೂ ಮನೆಯವರ ಮುಖ ಗುರುತು ಸಿಗುತ್ತದೆ. ಒಂದು ಪಿಕ್ಸೆಲ್‌ನ ನಿಜವಾದ ಬಣ್ಣ ಗೊತ್ತಾದರೆ ಸಾಕು, ಉಳಿದದ್ದೆಲ್ಲ ಬಯಲು. ಹಾಗಾಗಿ ಬರೀ "ಚಿತ್ರ ಇಷ್ಟು ಕೆಡುತ್ತದೆ" ಅನ್ನುವ ಅಂಕಿ ತೋರಿಸಿ ಭದ್ರತೆ ಮಾರಲು ಬಂದವರನ್ನು ನಾನು ಬಾಗಿಲಿಂದಲೇ ವಾಪಸ್ ಕಳಿಸುತ್ತೇನೆ.

ಪ್ರಶ್ನೆ: ಎರಡು ಸಲ ಕುಗ್ಗಿಸಿದರೆ ಭದ್ರತೆಯೂ ಡಬಲ್ ಆಗುತ್ತಾ?

ಉತ್ತರ: ಇಲ್ಲ.

ಪ್ರಶ್ನೆ: ಮೊದಲು ಎನ್‌ಕ್ರಿಪ್ಟ್ ಮಾಡಿ (ಕೀ ಬಳಸಿ ಗುಟ್ಟಾಗಿಸಿ) ಆಮೇಲೆ ಜಿಪ್ ಮಾಡಿ ಕುಗ್ಗಿಸಬಹುದಾ?

ಉತ್ತರ: ಮಾಡಿ ನೋಡಿ, ಫೈಲಿನ ಗಾತ್ರ ಇಳಿಯುವುದೇ ಇಲ್ಲ.

ಪ್ರಶ್ನೆ: ಇಂಟರ್ನೆಟ್ ಕರೆ ಎನ್‌ಕ್ರಿಪ್ಟ್ ಆಗಿದ್ದರೆ ಏನೂ ಸೋರುವುದಿಲ್ಲ ಅಲ್ವಾ?

ಉತ್ತರ: ಪ್ಯಾಕೆಟ್‌ಗಳ, ಅಂದರೆ ಕಳಿಸುವ ಡೇಟಾ ತುಂಡುಗಳ, ಉದ್ದ ಸೋರಬಹುದು. ಕೆಲವು ಕೋಡೆಕ್‌ಗಳಲ್ಲಿ (ಮಾತನ್ನು ಕುಗ್ಗಿಸುವ ತಂತ್ರಾಂಶಗಳಲ್ಲಿ) ಆಡಿದ ಶಬ್ದಕ್ಕೆ ತಕ್ಕಂತೆ ಪ್ಯಾಕೆಟ್ ಹಿಗ್ಗುತ್ತದೆ, ಕುಗ್ಗುತ್ತದೆ. ಎನ್‌ಕ್ರಿಪ್ಟ್ ಮಾಡಿದರೂ ಆ ಅಳತೆ ಹೊರಗೆ ಕಾಣುತ್ತದೆ. 2007ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು ಬರೀ ಪ್ಯಾಕೆಟ್ ಅಳತೆ ನೋಡಿ, 21 ಭಾಷೆಗಳಲ್ಲಿ ಆಡುತ್ತಿರುವುದು ಯಾವುದು ಅಂತ ಹಲವು ಸಲ ಸರಿಯಾಗಿ ಗುರುತಿಸಿದರು. ಮರುವರ್ಷ ಗೊತ್ತಿರುವ ವಾಕ್ಯಗಳನ್ನೂ ಪತ್ತೆ ಮಾಡಿದರು. ಎಲ್ಲ ಪ್ಯಾಕೆಟ್ ಒಂದೇ ಅಳತೆ ಇರಲಿ. ಡೇಟಾ ಜಾಸ್ತಿ ಖರ್ಚಾಗುತ್ತದೆ, ಆಗಲಿ.

ಪ್ರಶ್ನೆ: "ಮುರಿಯಲಾಗದ ಒನ್ ಟೈಮ್ ಪ್ಯಾಡ್, ಎಂಟಕ್ಷರದ ಪಾಸ್‌ವರ್ಡ್ ಸಾಕು" ಅನ್ನುವ ಆ್ಯಪ್ ನಂಬಬಹುದಾ?

ಉತ್ತರ: ಒನ್ ಟೈಮ್ ಪ್ಯಾಡ್ ಅಂದರೆ ಮೇಲೆ ಹೇಳಿದ, ಒಂದೇ ಸಲ ಬಳಸುವ ಉದ್ದದ ಕೀ. ಎಂಟಕ್ಷರದಿಂದ ಹುಟ್ಟಿದ ಪ್ಯಾಡ್‌ನಲ್ಲಿ ಎಂಟಕ್ಷರದಷ್ಟೇ ಗುಟ್ಟು ಇರುತ್ತದೆ, ಎಷ್ಟು ಉದ್ದ ಎಳೆದರೂ. ಅಸಲಿ ಪ್ಯಾಡ್ ಇಟ್ಟುಕೊಂಡಿದ್ದ ಸೋವಿಯತ್ ಗೂಢಚಾರರೇ 1940ರ ದಶಕದಲ್ಲಿ ಅಮೆರಿಕದವರ ಕೈಗೆ ಸಿಕ್ಕಿಬಿದ್ದರು, ಪ್ಯಾಡ್‌ನ ಕೆಲವು ಹಾಳೆ ಎರಡೆರಡು ಸಲ ಅಚ್ಚಾಗಿ ಬಳಕೆಯಾಗಿದ್ದರಿಂದ. ಆ್ಯಪ್ ಅಳಿಸಿ.