ಆರುನೂರು ಚೀಟಿಗಳು, ಮೂರು ತಂತ್ರಾಂಶಗಳು: ಒಂದು ಆಪ್ತಸಲಹೆ ಪ್ರಕರಣ

ನಿದ್ರೆ ಬರುತ್ತಿಲ್ಲ ಎಂದು ಬಂದವರು ಅವರು. ನಲವತ್ತರ ಆಸುಪಾಸಿನ ಅಧ್ಯಾಪಕಿ. ಪದವಿ ಕಾಲೇಜಿನಲ್ಲಿ ಪಾಠ ಮಾಡುತ್ತಲೇ ಪಿಎಚ್.ಡಿ. ಕೊನೆಯ ಹಂತಕ್ಕೆ ತಂದಿದ್ದರು. ವಿಷಯ, ಕರ್ನಾಟಕದ ಕೆರೆ ಶಾಸನಗಳು. ಮಹಾಪ್ರಬಂಧ ಒಪ್ಪಿಸಲು ಐದು ತಿಂಗಳು ಉಳಿದಿತ್ತು. ಅಧ್ಯಾಯಗಳೆಲ್ಲ ಬರೆದಾಗಿತ್ತು. ಉಳಿದದ್ದು ಅಡಿಟಿಪ್ಪಣಿಗಳನ್ನು ಸರಿಪಡಿಸಿ ಗ್ರಂಥಸೂಚಿ ಕಟ್ಟುವ ಕೆಲಸ. ಅಷ್ಟಕ್ಕೇ ರಾತ್ರಿ ಎರಡು ಗಂಟೆಗೆ ಎಚ್ಚರವಾಗುತ್ತದೆ, ಬೆಳಗಿನವರೆಗೆ ಕಣ್ಣು ಮುಚ್ಚುವುದಿಲ್ಲ ಎಂದರು.

ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಊರು, ವಯಸ್ಸು, ಮನೆಯ ವಿವರಗಳನ್ನು ಗುರುತು ಸಿಗದಂತೆ ಬದಲಿಸಿದ್ದೇನೆ. ಅಧ್ಯಯನದ ವಿಷಯ ಹಲವರು ಕೈಗೆತ್ತಿಕೊಂಡಿರುವಂಥದ್ದು, ಹಾಗಾಗಿ ಅದನ್ನು ಇದ್ದಂತೆಯೇ ಬಿಟ್ಟಿದ್ದೇನೆ.

ಮೊದಲ ಭೇಟಿಯಲ್ಲಿ ಅವರು ಕುಳಿತುಕೊಳ್ಳುವ ಮೊದಲೇ ಕೇಳಿದ ಪ್ರಶ್ನೆ: "ಯಾವ ತಂತ್ರಾಂಶ ಒಳ್ಳೆಯದು, ಒಂದು ಹೆಸರು ಹೇಳಿಬಿಡಿ. ಹೇಳಿದ್ದನ್ನೇ ಹಾಕಿಕೊಳ್ಳುತ್ತೇನೆ." ಆಕರಗಳ ವಿವರಗಳನ್ನು ಒಂದೆಡೆ ಇಟ್ಟುಕೊಂಡು ಅಡಿಟಿಪ್ಪಣಿ, ಗ್ರಂಥಸೂಚಿಗಳನ್ನು ತಾನೇ ಜೋಡಿಸಿಕೊಡುವ ಉಲ್ಲೇಖ ತಂತ್ರಾಂಶಗಳ ಮಾತು ಅದು. ಸಹೋದ್ಯೋಗಿಯೊಬ್ಬರು ಮೆಂಡೆಲೀ ಎಂದಿದ್ದರು. ಅಮೆರಿಕದಲ್ಲಿ ಓದುತ್ತಿರುವ ಸಂಬಂಧಿಕರ ಹುಡುಗ ಎಂಡ್‌ನೋಟ್ ಬಿಟ್ಟು ಬೇರೆ ಯಾವುದೂ ಬೇಡ ಎಂದಿದ್ದ. ಅವನ ವಿಶ್ವವಿದ್ಯಾಲಯ ಅದಕ್ಕೆ ಹಣ ಕಟ್ಟುತ್ತದೆ, ಇವರು ಸ್ವಂತ ಜೇಬಿನಿಂದ ಕಟ್ಟಬೇಕು ಎಂಬುದು ಅವನಿಗೆ ಹೊಳೆದಿರಲಿಲ್ಲ. ವಿಜ್ಞಾನ ವಿಭಾಗದ ಯುವಕನೊಬ್ಬ, ವರ್ಡ್ ಬಿಟ್ಟು ಪ್ರಬಂಧವನ್ನೇ ಲಾಟೆಕ್ ಎಂಬ ಪುಟವಿನ್ಯಾಸ ವ್ಯವಸ್ಥೆಯಲ್ಲಿ ಬರೆಯಲು ಕಲಿಯಿರಿ ಎಂದಿದ್ದ. ಮಾರ್ಗದರ್ಶಕರು ಮಾತ್ರ "ನಾವೆಲ್ಲ ಕೈಯಲ್ಲೇ ಬರೆಯಲಿಲ್ಲವೇ" ಎಂದು ಮಾತು ಮುಗಿಸಿದ್ದರು. ಎರಡು ತಿಂಗಳಲ್ಲಿ ಇವರು ಮೂರು ತಂತ್ರಾಂಶಗಳನ್ನು ಹಾಕಿ ತೆಗೆದಿದ್ದರು. ಮೂರರಲ್ಲೂ ಹೆಚ್ಚುಕಡಿಮೆ ಅದೇ ನಲವತ್ತು ಪುಸ್ತಕಗಳನ್ನು ಟೈಪು ಮಾಡಿ, ಅಲ್ಲಿಗೇ ನಿಲ್ಲಿಸಿದ್ದರು.

ನಲವತ್ತಕ್ಕೇ ಏಕೆ ನಿಲ್ಲುತ್ತದೆ ಎಂಬ ಪ್ರಶ್ನೆಯನ್ನು ನಾನು ಮನಸ್ಸಿನಲ್ಲೇ ಇಟ್ಟುಕೊಂಡೆ. ಮೊದಲ ದಿನವೇ ಕೇಳುವಂಥದ್ದಲ್ಲ ಅದು. ಏನೇನು ಕೆಟ್ಟಿತು ಎಂದಷ್ಟೇ ಕೇಳಿದೆ.

ಅವರು ಲ್ಯಾಪ್‌ಟಾಪ್ ತೆರೆದು ತೋರಿಸಿದರು. ತಂತ್ರಾಂಶ ಸೇರಿಸಿದ ಅಡಿಟಿಪ್ಪಣಿಯಲ್ಲಿ ಇಂಗ್ಲಿಷ್ ಪುಸ್ತಕಗಳ ಹೆಸರುಗಳೆಲ್ಲ ಅರ್ಥವಿಲ್ಲದ ಕನ್ನಡ ಅಕ್ಷರಗಳಾಗಿ ಬಿದ್ದಿದ್ದವು. ಕನ್ನಡ ಹೆಸರುಗಳು ಸರಿಯಾಗಿಯೇ ಇದ್ದವು, ಆದರೆ ಬೇರೆಯದೇ ಅಕ್ಷರ ವಿನ್ಯಾಸದಲ್ಲಿ. "ನನಗೆ ಇದೆಲ್ಲ ಆಗಿಬರುವುದಿಲ್ಲ, ನನ್ನ ತಲೆಗೆ ಹತ್ತುವುದಿಲ್ಲ" ಎಂದು ಆ ಪರದೆಯನ್ನು ನೋಡುತ್ತಾ ಹೇಳಿದರು. ಕಣ್ಣು ತುಂಬಿತ್ತು.

ನಾನು ತಂತ್ರಜ್ಞೆಯಲ್ಲ. ಮನಃಶಾಸ್ತ್ರದಲ್ಲಿ ನನ್ನ ಪ್ರಬಂಧ ಬರೆಯುವಾಗ ಕಲಿತದ್ದು, ಆಮೇಲೆ ಗ್ರಂಥಪಾಲಕ ಮಿತ್ರರಿಂದ ತಿಳಿದುಕೊಂಡದ್ದು ನನ್ನ ಬಂಡವಾಳ. ಆದರೆ ಈ ರೋಗವನ್ನು ಗುರುತಿಸಲು ಅಷ್ಟು ಸಾಕಾಯಿತು. ಪ್ರಬಂಧವೆಲ್ಲ 'ನುಡಿ' ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿತ್ತು. ಆ ಬಗೆಯ ಫಾಂಟುಗಳಲ್ಲಿ ನಮ್ಮ ಕಣ್ಣಿಗೆ ಕಾಣುವುದು ಕನ್ನಡ. ಕಂಪ್ಯೂಟರಿನ ಲೆಕ್ಕಕ್ಕೆ ಅದು ರೋಮನ್ ಅಕ್ಷರ ಮತ್ತು ಚಿಹ್ನೆಗಳ ಸರಮಾಲೆ, ಮೇಲೆ ಕನ್ನಡದ ವೇಷ. ಉಲ್ಲೇಖ ತಂತ್ರಾಂಶಗಳು ವ್ಯವಹರಿಸುವುದು ಯೂನಿಕೋಡ್‌ನಲ್ಲಿ, ಅಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತವಿರುವ ವ್ಯವಸ್ಥೆಯಲ್ಲಿ. ಆ ವೇಷದ ಫಾಂಟಿನ ಸಾಲಿನಲ್ಲಿ ನಿಜವಾದ ಇಂಗ್ಲಿಷ್ ಬಂದು ಕೂತರೆ ಅದಕ್ಕೂ ಕನ್ನಡದ ವೇಷ ಬೀಳುತ್ತದೆ. ಅವರ ಗ್ರಂಥಸೂಚಿಯನ್ನು ವರ್ಡ್‌ನಲ್ಲಿ ಅಕಾರಾದಿಯಾಗಿ ಜೋಡಿಸಲು ಹೋದಾಗಲೆಲ್ಲ ಕ ವರ್ಗ ಎಲ್ಲೋ, ಪ ವರ್ಗ ಎಲ್ಲೋ ಹೋಗುತ್ತಿದ್ದುದಕ್ಕೂ ಇದೇ ಕಾರಣ.

ಇದನ್ನು ಹೇಳಿದಾಗ ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು: "ಹಾಗಾದರೆ ತಪ್ಪು ನನ್ನದಲ್ಲ ಎಂದಾಯಿತೇ?" ಎರಡು ತಿಂಗಳು ತಮ್ಮ ಬುದ್ಧಿಯನ್ನೇ ಅನುಮಾನಿಸಿಕೊಂಡಿದ್ದ ಒಬ್ಬ ವಿದ್ವಾಂಸೆ ಕೇಳಿದ ಪ್ರಶ್ನೆ ಇದು. ಕನ್ನಡದಲ್ಲಿ ಸಂಶೋಧನೆ ಮಾಡುವವರಿಗೆ ಇಷ್ಟು ಸರಳ ವಿಷಯವನ್ನು ನೋಂದಣಿಯ ದಿನವೇ ಯಾರೂ ಹೇಳದಿರುವುದು ನನಗೆ ನಿಜವಾದ ನೋವು. ಕೋರ್ಸ್‌ವರ್ಕಿನಲ್ಲಿ ಒಂದು ಗಂಟೆ ಸಾಕು.

ಎರಡನೆಯ ಭೇಟಿಗೆ ಲ್ಯಾಪ್‌ಟಾಪ್ ಬೇಡ, ಓದುವಾಗ ಟಿಪ್ಪಣಿ ಬರೆದಿಟ್ಟ ಚೀಟಿಗಳನ್ನು ತನ್ನಿ ಎಂದೆ. ಬೂಟಿನ ಎರಡು ಪೆಟ್ಟಿಗೆಗಳಲ್ಲಿ ತಂದರು. ಹನ್ನೆರಡು ವರ್ಷಗಳ ಓದು, ಸುಮಾರು ಆರುನೂರು ಚೀಟಿ. ಅವುಗಳನ್ನು ಮೇಜಿನ ಮೇಲೆ ಹರಡಿ ನೋಡಿದೆವು. ಮೂರನೆಯ ಒಂದು ಭಾಗ ಮಾತ್ರ ಅಚ್ಚಾದ ಪುಸ್ತಕಗಳದ್ದು. ಉಳಿದವು ಶಾಸನಗಳು, ಅಭಿನಂದನ ಗ್ರಂಥಗಳ ಲೇಖನಗಳು, ಹಳೆಯ ಪತ್ರಿಕೆಗಳ ಬಿಡಿ ಪುಟಗಳು, ಊರ ಹಿರಿಯರೊಂದಿಗೆ ನಡೆಸಿದ ಮಾತುಕತೆಗಳು. ಡಿಒಐ, ಅಂದರೆ ಲೇಖನವೊಂದಕ್ಕೆ ಅಂತರ್ಜಾಲದಲ್ಲಿರುವ ಶಾಶ್ವತ ಗುರುತಿನ ಸಂಖ್ಯೆ, ಹಾಕಿದರೆ ವಿವರವೆಲ್ಲ ತಾನೇ ತುಂಬಿಕೊಳ್ಳುತ್ತದೆ ಎಂಬುದು ಎಲ್ಲ ತಂತ್ರಾಂಶಗಳೂ ಹೇಳಿಕೊಳ್ಳುವ ದೊಡ್ಡ ಸೌಲಭ್ಯ. ಅವರ ಆರುನೂರರಲ್ಲಿ ಡಿಒಐ ಇದ್ದದ್ದು ಒಂಬತ್ತಕ್ಕೆ. ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ ಹಾಕಿ ನೋಡಿದ ಒಂದು ಕನ್ನಡ ಪುಸ್ತಕದ ಲೇಖಕರ ಹೆಸರು ವಿದೇಶಿ ಗ್ರಂಥಾಲಯಗಳ ಲಿಪ್ಯಂತರ ಪದ್ಧತಿಯ ರೋಮನ್ ಅಕ್ಷರಗಳಲ್ಲಿ ಬಂದಿತ್ತು. ಅಕ್ಷರಗಳ ಮೇಲೆ ಗೆರೆ, ಕೆಳಗೆ ಚುಕ್ಕೆ. ಅದನ್ನು ಅಳಿಸಿ ಕನ್ನಡದಲ್ಲಿ ಬರೆಯುವುದಕ್ಕಿಂತ ಮೊದಲೇ ಕೈಯಿಂದ ತುಂಬುವುದು ಸುಲಭ.

ಆಗ ಅವರಿಗೆ ಹೇಳಿದ್ದು ಇಷ್ಟು. ಯಾವುದು ಒಳ್ಳೆಯದು ಎಂದು ಕೇಳಬೇಡಿ. ನಿಮ್ಮ ಪೆಟ್ಟಿಗೆಯಲ್ಲಿರುವುದಕ್ಕೆ ಯಾವುದು ಹೊಂದುತ್ತದೆ, ತುಂಬಿದ್ದು ಕೊನೆಗೆ ಯಾರ ಕೈಯಲ್ಲಿ ಉಳಿಯುತ್ತದೆ ಎಂಬ ಎರಡನ್ನು ಕೇಳಿ.

ಈ ಎರಡಕ್ಕೂ ಝೊಟೆರೊ ಎಂಬ ತಂತ್ರಾಂಶ ಸರಿಹೊಂದಿತು. 2006ರಲ್ಲಿ ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದಲ್ಲಿ ಅದನ್ನು ಹೊರತಂದದ್ದು ಇತಿಹಾಸಕಾರರ ಒಂದು ಕೇಂದ್ರ. ಹಾಗಾಗಿಯೇ ಹಸ್ತಪ್ರತಿ, ಸಂದರ್ಶನ, ನಕ್ಷೆಗಳಿಗೆಲ್ಲ ಅದರಲ್ಲಿ ಪ್ರತ್ಯೇಕ ಜಾಗವಿದೆ. ಮುಕ್ತ ತಂತ್ರಾಂಶ, ಹಣವಿಲ್ಲ. ದತ್ತಾಂಶವೆಲ್ಲ ನಮ್ಮದೇ ಕಂಪ್ಯೂಟರಿನ ಒಂದು ಫೋಲ್ಡರಿನಲ್ಲಿರುತ್ತದೆ, ಅದನ್ನು ಪೆನ್‌ಡ್ರೈವಿಗೆ ನಕಲು ಮಾಡಿದರೆ ಮುಗಿಯಿತು. ಉಚಿತ ಖಾತೆಯಲ್ಲಿ ಕಡತಗಳಿಗೆ ಸಿಗುವ ಜಾಗ 300 ಎಂಬಿ. ಮೆಂಡೆಲೀ 2 ಜಿಬಿ ಕೊಡುತ್ತದೆ. ಆದರೆ ಇವರ ಬಳಿ ಇದ್ದದ್ದು ಚೀಟಿಗಳು, ಪಿಡಿಎಫ್ ಕಡತಗಳಲ್ಲ. ಬರಿಯ ವಿವರಗಳಿಗೆ ಝೊಟೆರೊದಲ್ಲಿ ಆ ಮಿತಿಯೂ ಇಲ್ಲ. ಮನೆಯಲ್ಲಿ ವರ್ಡ್, ಕಾಲೇಜಿನಲ್ಲಿ ಲಿಬ್ರೆಆಫೀಸ್ ಬಳಸುವ ಇವರಿಗೆ ಎರಡರಲ್ಲೂ ನಡೆಯುವಂಥದ್ದೇ ಬೇಕಿತ್ತು. ಮೆಂಡೆಲೀಯ ಈಗಿನ ಉಲ್ಲೇಖ ಸಾಧನ ವರ್ಡ್‌ಗೆ ಮಾತ್ರ. 2013ರಲ್ಲಿ ಮೆಂಡೆಲೀಯನ್ನು ಎಲ್ಸೆವಿಯರ್ ಪ್ರಕಾಶನ ಸಂಸ್ಥೆ ಕೊಂಡಿತು. ಹಳೆಯ ಡೆಸ್ಕ್‌ಟಾಪ್ ಆವೃತ್ತಿಯನ್ನು 2022ರ ಸೆಪ್ಟೆಂಬರಿನಿಂದ ಹೊಸಬರಿಗೆ ಕೊಡುವುದು ನಿಂತಿತು. ಅದನ್ನು ಬಳಸಬಾರದು ಎಂಬುದು ನನ್ನ ಮಾತಿನ ಅರ್ಥವಲ್ಲ, ಅದರಿಂದ ಸುಖವಾಗಿ ಕೆಲಸ ಮುಗಿಸಿದವರನ್ನು ಬಲ್ಲೆ. ಸಾಧನ ಯಾವುದೇ ಇರಲಿ, ತುಂಬಿದ್ದನ್ನು ಬೇರೆ ಉಲ್ಲೇಖ ತಂತ್ರಾಂಶಗಳೂ ಓದಬಲ್ಲ ಆರ್‌ಐಎಸ್ ಅಥವಾ ಬಿಬ್‌ಟೆಕ್ಸ್ ರೂಪದಲ್ಲಿ ತಿಂಗಳಿಗೊಮ್ಮೆ ಹೊರತೆಗೆದು ಇಟ್ಟುಕೊಳ್ಳಿ ಎಂದು ಎಲ್ಲರಿಗೂ ಹೇಳುತ್ತೇನೆ. ಇದೇ ವರ್ಷ ಬಂದ ರಸಾಯನಶಾಸ್ತ್ರದ ಹುಡುಗಿಗೆ ನಾನು ಸೂಚಿಸಿದ್ದು ಲಾಟೆಕ್‌ಗೆ ಹೊಂದುವ ಜಬ್‌ರೆಫ್ ಎಂಬ ತಂತ್ರಾಂಶ. ಅವಳು ಬರೆಯುವುದೇ ಲಾಟೆಕ್‌ನಲ್ಲಿ, ಅವಳ ಆಕರಗಳೆಲ್ಲಕ್ಕೂ ಡಿಒಐ ಇತ್ತು.

ಹೆಸರುಗಳ ವಿಚಾರಕ್ಕೆ ಒಂದಿಡೀ ಗಂಟೆ ಹೋಯಿತು, ಅದು ಹೋಗಬೇಕಾದದ್ದೇ. ಈ ತಂತ್ರಾಂಶಗಳೆಲ್ಲ ಕೊನೆಯ ಹೆಸರು, ಮೊದಲ ಹೆಸರು ಎಂದು ಕೇಳುತ್ತವೆ. ನಮ್ಮಲ್ಲಿ ಎಂ. ಚಿದಾನಂದಮೂರ್ತಿ ಎಂದರೆ ಚಿದಾನಂದಮೂರ್ತಿ ಎಂಬುದೇ ಹೆಸರು, ಮನೆತನದ ಹೆಸರಲ್ಲ. ಆದರೂ ಅದನ್ನು ಕೊನೆಯ ಹೆಸರಿನ ಜಾಗದಲ್ಲಿ ಹಾಕಿ, ಎಂ. ಎಂಬುದನ್ನು ಮೊದಲ ಹೆಸರಿನಲ್ಲಿ ಇಟ್ಟರೆ ಕನ್ನಡ ಗ್ರಂಥಸೂಚಿಯ ವಾಡಿಕೆಯಂತೆ "ಚಿದಾನಂದಮೂರ್ತಿ, ಎಂ." ಎಂದೇ ಬರುತ್ತದೆ. ಕುವೆಂಪು ಎಂಬಂಥ ಕಾವ್ಯನಾಮವಾದರೆ ಝೊಟೆರೊದಲ್ಲಿ ಆ ಸಾಲಿನ ಪಕ್ಕದ ಗುರುತನ್ನು ಒತ್ತಿ, ಎರಡು ಜಾಗಗಳನ್ನು ಒಂದೇ ಜಾಗವನ್ನಾಗಿ ಮಾಡಿಕೊಳ್ಳಬಹುದು. ಯಾವುದಾದರೂ ಸರಿ, ಮೊದಲ ದಿನ ಒಂದು ಕ್ರಮ ನಿರ್ಧರಿಸಿ ಗೋಡೆಗೆ ಅಂಟಿಸಿ, ಆಮೇಲೆ ಬದಲಿಸಬೇಡಿ ಎಂದೆ. ಸಂಪಾದಕರು ಎಂಬಲ್ಲಿ ಇಂಗ್ಲಿಷ್ ಸಂಕ್ಷೇಪ ಬರುತ್ತಿದ್ದುದು ಅವರಿಗೆ ಬಹಳ ಕಿರಿಕಿರಿಯಾಗಿತ್ತು. ಉಲ್ಲೇಖ ಶೈಲಿ ಎಂಬುದು ತೆರೆದು ಓದಬಹುದಾದ ಒಂದು ಪಠ್ಯಕಡತ. ಗ್ರಂಥಪಾಲಕ ಮಿತ್ರರು ಅದರ ನಕಲೊಂದನ್ನು ಮಾಡಿ "ಸಂ.", "ಪು.", "ಮತ್ತು ಇತರರು" ಎಂದು ತುಂಬಿಕೊಟ್ಟರು. ಅರ್ಧ ದಿನದ ಕೆಲಸ. ಕನ್ನಡ ಮತ್ತು ಇಂಗ್ಲಿಷ್ ಗ್ರಂಥಗಳಿಗೆ ಎರಡು ಬೇರೆ ಪಟ್ಟಿ ಬೇಕೆಂಬುದು ಅವರ ವಿಭಾಗದ ನಿಯಮ. ಎರಡು ಸಂಗ್ರಹಗಳನ್ನು ಮಾಡಿಕೊಂಡು, ಕೊನೆಯಲ್ಲಿ ಒಂದೊಂದರಿಂದ ಒಂದೊಂದು ಪಟ್ಟಿ ತೆಗೆಯುವುದು ಎಂದಾಯಿತು.

ನುಡಿಯ ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿ, ದಿನಕ್ಕೆ ಹತ್ತು ಪುಟದಂತೆ ಅರ್ಕಾವತ್ತು ಮತ್ತು ಒತ್ತಕ್ಷರಗಳನ್ನು ಕಣ್ಣಿಟ್ಟು ನೋಡಬೇಕು, ಚೀಟಿಗಳನ್ನು ದಿನಕ್ಕೆ ಹದಿನೈದರಂತೆ ತುಂಬಬೇಕು, ರಾತ್ರಿ ಒಂಬತ್ತರ ಮೇಲೆ ಪೆಟ್ಟಿಗೆ ಮುಚ್ಚಬೇಕು ಎಂದು ಒಪ್ಪಂದವಾಯಿತು. ಕೊನೆಯ ತಿದ್ದುಪಡಿಯನ್ನು ಮನೆಯ ವರ್ಡ್‌ನಲ್ಲಿ ಮಾತ್ರ ಮಾಡಬೇಕು, ಎರಡು ಕಡೆ ಓಡಾಡಿಸಿದರೆ ಉಲ್ಲೇಖಗಳ ಕೊಂಡಿ ಕಳಚುವ ಅಪಾಯವಿದೆ ಎಂದೂ ಹೇಳಿದೆ.

ಮೂರು ವಾರಗಳ ನಂತರ ಬಂದಾಗ ನೂರ ಎಂಬತ್ತು ಚೀಟಿ ತುಂಬಿದ್ದರು. ನಿದ್ರೆ ಸ್ವಲ್ಪ ಸುಧಾರಿಸಿತ್ತು, ಪೂರ್ತಿ ಅಲ್ಲ. ಎರಡನೆಯ ಪೆಟ್ಟಿಗೆಯನ್ನು ಮುಟ್ಟಿರಲಿಲ್ಲ. ಆಗ ಕೇಳಿದೆ, ನಲವತ್ತಕ್ಕೇ ಏಕೆ ನಿಲ್ಲುತ್ತಿತ್ತು?

ಮೊದಲ ನಲವತ್ತು ಅವರು ಕೊಂಡು ಮನೆಯಲ್ಲಿಟ್ಟುಕೊಂಡ ಪುಸ್ತಕಗಳು. ನಲವತ್ತೊಂದರಿಂದ ಗ್ರಂಥಾಲಯಗಳಲ್ಲಿ ಅವಸರದಲ್ಲಿ ಬರೆದುಕೊಂಡ ಚೀಟಿಗಳು. ಅವುಗಳಲ್ಲಿ ಕೆಲವಕ್ಕೆ ಆಕರವೇ ಇರಲಿಲ್ಲ. ಒಂದು ಚೀಟಿಯಲ್ಲಿ ಸೊಗಸಾದ ಒಂದು ಪ್ಯಾರಾ. ಅದು ತಮ್ಮದೋ ಬೇರೆಯವರದೋ ಅವರಿಗೆ ನೆನಪಿಲ್ಲ. ಅದೇ ಪ್ಯಾರಾ ಮೂರನೆಯ ಅಧ್ಯಾಯದಲ್ಲಿತ್ತು. "ನನ್ನನ್ನು ಕಳ್ಳಿ ಎನ್ನುತ್ತಾರೆ" ಎಂದರು. ಎರಡು ಗಂಟೆ ರಾತ್ರಿಗೆ ಅವರನ್ನು ಎಬ್ಬಿಸುತ್ತಿದ್ದುದು ಇದು. ಹೊಸ ತಂತ್ರಾಂಶವೊಂದನ್ನು ಹಾಕಿಕೊಂಡಾಗಲೆಲ್ಲ ಮತ್ತೆ ಮೊದಲ ನಲವತ್ತರಿಂದ ಶುರು ಮಾಡಬಹುದಿತ್ತು, ಆ ಪೆಟ್ಟಿಗೆಯನ್ನು ತೆರೆಯುವ ದಿನ ಮುಂದಕ್ಕೆ ಹೋಗುತ್ತಿತ್ತು.

ಪ್ರಬಂಧದಲ್ಲಿ ಬೇರೆಡೆಯ ಬರಹ ಎಷ್ಟಿದೆ ಎಂದು ನೋಡುವ ಸಾಮ್ಯತೆ ತಪಾಸಣೆಯ ಬಗ್ಗೆ ಅವರಿಗೆ ತಪ್ಪು ಭಯವೂ ಇತ್ತು. ಗ್ರಂಥಸೂಚಿಯೆಲ್ಲ ನಕಲೆಂದು ಲೆಕ್ಕಕ್ಕೆ ಬರುತ್ತದೆ ಎಂದುಕೊಂಡಿದ್ದರು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿ ಗ್ರಂಥಸೂಚಿಯನ್ನೂ ಆಕರ ಸೂಚಿಸಿದ ಉದ್ಧರಣೆಗಳನ್ನೂ ಲೆಕ್ಕದಿಂದ ಹೊರಗಿಡುತ್ತದೆ, ಶೇ. 10ರವರೆಗಿನ ಸಾಮ್ಯತೆಗೆ ದಂಡನೆಯಿಲ್ಲ ಎಂದು ತಿಳಿಸಿದೆ. ಆದರೆ ಆ ಪ್ಯಾರಾ ಶೇಕಡಾವಾರಿನ ಪ್ರಶ್ನೆಯಲ್ಲ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಸುಮ್ಮನೆ ಸಮಾಧಾನ ಹೇಳಿದ್ದರೆ ನಾನು ಅವರಿಗೆ ಅನ್ಯಾಯ ಮಾಡಿದಂತಾಗುತ್ತಿತ್ತು.

ನಿಮ್ಮ ಆಕರಗಳಲ್ಲಿ ನಿಮಗೆ ಅತಿ ಪ್ರಿಯವಾದದ್ದು ಯಾವುದು ಎಂದು ಕೇಳಿದೆ. ತಡವಿಲ್ಲದೆ ತಾಳಗುಂದದ ಸ್ತಂಭಶಾಸನ ಎಂದರು. ಕದಂಬ ಕಾಕುಸ್ಥವರ್ಮ ಕಟ್ಟಿಸಿದ ಕೆರೆಯನ್ನು ಹೇಳುವ ಶಾಸನ, ಕರ್ನಾಟಕದ ಶಾಸನಗಳ ಸಂಪುಟಮಾಲೆ ಎಪಿಗ್ರಾಫಿಯಾ ಕರ್ನಾಟಿಕದ ಏಳನೆಯ ಸಂಪುಟ, ಶಿಕಾರಿಪುರ ತಾಲ್ಲೂಕಿನ 176ನೆಯ ಶಾಸನ. ಸಂಖ್ಯೆ ನಾಲಿಗೆಯ ತುದಿಯಲ್ಲಿತ್ತು. ಅದರ ಕೊನೆಯಲ್ಲಿ ಕುಬ್ಜ ಎಂಬ ಕವಿ, ಈ ಕಾವ್ಯ ತನ್ನದು, ಕಲ್ಲಿನ ಮೇಲೆ ತಾನೇ ಬರೆದೆ ಎಂದು ಹೇಳಿಕೊಂಡಿದ್ದಾನೆ ಎಂದು ವಿವರಿಸುತ್ತಿದ್ದವರು ನಡುವೆ ನಿಂತರು. ಆಮೇಲೆ ತಾವೇ ಎರಡನೆಯ ಪೆಟ್ಟಿಗೆಯ ಮುಚ್ಚಳ ತೆಗೆದರು.

ಆ ಪೆಟ್ಟಿಗೆಗೆ ನಾನು ಕೊಟ್ಟ ಸಲಹೆ: ಆಕರ ಪೂರ್ತಿ ಇರುವ ಚೀಟಿಗಳನ್ನು ಮೊದಲು ತುಂಬಿ. ಶಾಸನದ ಚೀಟಿಗಳಲ್ಲಿ ಯಾವ ಆವೃತ್ತಿ ಎಂದು ಬರೆಯದಿದ್ದರೆ ಗ್ರಂಥಾಲಯಕ್ಕೆ ಹೋಗಲೇಬೇಕು. ಎಪಿಗ್ರಾಫಿಯಾ ಕರ್ನಾಟಿಕವನ್ನು ಮೊದಲು ಹೊರತಂದ ಬಿ.ಎಲ್. ರೈಸ್ ಅವರ ಸಂಪುಟಗಳಿಗೂ ಮೈಸೂರು ವಿಶ್ವವಿದ್ಯಾಲಯದ ಪರಿಷ್ಕೃತ ಸಂಪುಟಗಳಿಗೂ ಕ್ರಮಸಂಖ್ಯೆ ಬೇರೆ, ಅದನ್ನು ಯಾವ ತಂತ್ರಾಂಶವೂ ಊಹಿಸಿ ಹೇಳಲಾರದು. ಆಕರವಿಲ್ಲದವಕ್ಕೆ "ಹುಡುಕಬೇಕು" ಎಂಬ ಗುರುತು ಹಾಕಿ, ಆರು ವಾರ ಹುಡುಕಿ. ಸಿಗದಿದ್ದರೆ ಆ ಮಾತು ಪ್ರಬಂಧದಿಂದ ಹೊರಗೆ. ಎಷ್ಟು ಸೊಗಸಾಗಿದ್ದರೂ ಹೊರಗೆ. ಮೂರನೆಯ ಅಧ್ಯಾಯದ ಪ್ಯಾರಾದ ವಿಚಾರವನ್ನು ಈ ವಾರವೇ ಮಾರ್ಗದರ್ಶಕರಿಗೆ ನೀವೇ ಹೇಳಿ.

ಹೇಳಿದರು. ಮಾರ್ಗದರ್ಶಕರು ಗದರಲಿಲ್ಲ. ತಮ್ಮ ಕಪಾಟಿನಲ್ಲಿದ್ದ ಒಂದು ಅಭಿನಂದನ ಗ್ರಂಥವನ್ನು ಕೊಟ್ಟು, ಇದರಲ್ಲಿ ನೋಡು ಎಂದರಂತೆ. ಪ್ಯಾರಾ ಅಲ್ಲಿಯೇ ಇತ್ತು, ಅವರದಲ್ಲ. ಈಗ ಅದು ಉದ್ಧರಣ ಚಿಹ್ನೆಯೊಳಗೆ, ಲೇಖಕರ ಹೆಸರು ಮತ್ತು ಪುಟಸಂಖ್ಯೆಯೊಂದಿಗೆ ಇದೆ. ಗುರುತು ಹಾಕಿದ್ದ ಮೂವತ್ತೆರಡು ಚೀಟಿಗಳಲ್ಲಿ ಇಪ್ಪತ್ತೊಂದಕ್ಕೆ ಆಕರ ಸಿಕ್ಕಿತು. ಉಳಿದ ಹನ್ನೊಂದನ್ನು ಕೊನೆಯ ಭೇಟಿಗೆ ಒಂದು ಲಕೋಟೆಯಲ್ಲಿ ತಂದಿದ್ದರು. ಎಸೆಯಲು ಮನಸ್ಸು ಬರುತ್ತಿಲ್ಲ ಎಂದರು. ಎಸೆಯಬೇಡಿ, ಪದವಿ ಬಂದ ಮೇಲೆ ಬಿಡುವಾಗಿ ಹುಡುಕಿ ಎಂದೆ.