ಡಿಫಾರ್ಮಬಲ್ ಮಿರರ್ ಸುಧಾರಿಸಲು ಆಕ್ಚುವೇಟರ್ ಜಾಸ್ತಿ ಮಾಡಿದರೆ ಸಾಕಾ?

ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ಅಡಾಪ್ಟಿವ್ ಆಪ್ಟಿಕ್ಸ್ (ಗಾಳಿ ಕೆಡಿಸಿದ ಬೆಳಕನ್ನು ಕನ್ನಡಿ ಬಗ್ಗಿಸಿ ತಿದ್ದುವುದು) ಪ್ರಾಜೆಕ್ಟ್ ಮಾಡುತ್ತಿದ್ದೇನೆ, ಬಾಗುವ ಕನ್ನಡಿಯ ಹಿಂದೆ ಆಕ್ಚುವೇಟರ್ (ಕನ್ನಡಿಯನ್ನು ತಳ್ಳಿ, ಎಳೆದು ಬಗ್ಗಿಸುವ ಪುಟ್ಟ ಸಾಧನ) ಹೆಚ್ಚಿಸಿದಷ್ಟೂ ಒಳ್ಳೆಯದಲ್ವಾ ಅಂತ ಕೇಳಿದ್ದೀರಿ. ಅಷ್ಟೇ ಸಾಲದು. ಎಷ್ಟೋ ಸಲ ಅದು ಬೇಕಾಗಿಯೂ ಇರುವುದಿಲ್ಲ. (ಗೌರಿಬಿದನೂರಿನ ಟೆಲಿಸ್ಕೋಪಿಗೆ ಹಾಕಬಹುದಾ ಅಂತಲೂ ಕೇಳಿದ್ದೀರಿ. ಅದು ರೇಡಿಯೋ ಟೆಲಿಸ್ಕೋಪು, ಬಯಲಲ್ಲಿ ಆಂಟೆನಾಗಳ ಸಾಲು. ಬಗ್ಗಿಸಲು ಅಲ್ಲಿ ಕನ್ನಡಿಯೇ ಇಲ್ಲ!)

ಎಷ್ಟು ಬೇಕು ಅನ್ನುವುದನ್ನು ತೀರ್ಮಾನಿಸುವುದು ಗಾಳಿ. ಏಪ್ರಿಲ್ ಮಧ್ಯಾಹ್ನ ಬಾಗೇಪಲ್ಲಿ ಹೈವೇಯಲ್ಲಿ ದೂರದ ಲಾರಿ ನಡುಗಿದಂತೆ ಕಾಣುತ್ತಲ್ಲ, ನಕ್ಷತ್ರದ ಬೆಳಕಿಗೆ ಆಗುವುದೂ ಅದೇ. ಒಳ್ಳೆಯ ಬೆಟ್ಟದ ಮೇಲೂ ಕಣ್ಣಿಗೆ ಕಾಣುವ ಬೆಳಕಿನ ಅಲೆ 10–15 ಸೆಂ.ಮೀ. ಅಗಲದಷ್ಟು ಮಾತ್ರ ನೆಟ್ಟಗಿರುತ್ತದೆ. ಟೆಲಿಸ್ಕೋಪಿನ ಅಗಲವನ್ನು ಇದರಿಂದ ಭಾಗಿಸಿ ವರ್ಗ ಮಾಡಿ. ಹೆಚ್ಚುಕಡಿಮೆ ಅಷ್ಟು ಆಕ್ಚುವೇಟರ್ ಬೇಕು. 8 ಮೀಟರ್ ಟೆಲಿಸ್ಕೋಪಿಗೆ ಸಾವಿರಗಟ್ಟಲೆ. ಆದರೆ 2.2 ಮೈಕ್ರಾನ್ ಇನ್‌ಫ್ರಾರೆಡ್‌ನಲ್ಲಿ ಆ ತುಂಡು ಅರ್ಧ ಮೀಟರ್ ದಾಟುತ್ತದೆ. ಚಿಲಿಯಲ್ಲಿ ಸುಮಾರು 8 ಮೀಟರಿನ ನಾಲ್ಕು ಟೆಲಿಸ್ಕೋಪುಗಳಿರುವ ವೀಕ್ಷಣಾಲಯವಾದ ವಿಎಲ್‌ಟಿಯಲ್ಲಿದ್ದ ನಾಕೋ ಉಪಕರಣಕ್ಕೆ 185 ಸಾಕಾಗಿತ್ತು.

ನಿಜವಾದ ತಲೆನೋವು ಹಿಸ್ಟೆರಿಸಿಸ್. ನಮ್ಮ ಲ್ಯಾಬಿನಲ್ಲಿ ಬೆಂಗಳೂರಿನ ಎಸ್.ಪಿ. ರೋಡಿನಿಂದ ತಂದ ಪೀಜೋ (ವೋಲ್ಟೇಜ್ ಕೊಟ್ಟರೆ ಹಿಗ್ಗಿ ಕುಗ್ಗುವ ವಸ್ತು) ಬಜರ್ ಬಿಲ್ಲೆ ಅಂಟಿಸಿದ ಪುಟ್ಟ ಕನ್ನಡಿಯೊಂದಿದೆ. ವೋಲ್ಟೇಜ್ ಏರಿಸಿದರೆ ಇಂಟರ್‌ಫೆರೋಮೀಟರಿನಲ್ಲಿ (ಬೆಳಕಿನ ಅಲೆಗಳಿಂದ ಸೂಕ್ಷ್ಮ ಚಲನೆ ಅಳೆಯುವ ಸಾಧನ) ಕಪ್ಪು-ಬಿಳಿ ಪಟ್ಟಿಗಳು ಸರಿಯುತ್ತವೆ. ವಾಪಸ್ ಇಳಿಸಿ ಮೊದಲಿನ ವೋಲ್ಟೇಜಿಗೆ ತನ್ನಿ, ಪಟ್ಟಿ ಮೊದಲಿನ ಜಾಗಕ್ಕೆ ಬರುವುದಿಲ್ಲ. ಇದೇ ಹಿಸ್ಟೆರಿಸಿಸ್. ಸುಮ್ನೆ ನೋಡುತ್ತಾ ಕೂತರೆ ಇನ್ನೂ ಸ್ವಲ್ಪ ತೆವಳುತ್ತಿರುತ್ತದೆ. ಮಾಮೂಲಿ ಪೀಜೋದಲ್ಲಿ ಈ ವ್ಯತ್ಯಾಸ ಒಟ್ಟು ಚಲನೆಯ 10–15% ಇರುತ್ತದೆ. ವೇವ್‌ಫ್ರಂಟ್ ಸೆನ್ಸರ್ (ಬೆಳಕಿನ ಅಲೆ ಎಷ್ಟು ಸೊಟ್ಟಗಿದೆ ಅಂತ ಅಳೆಯುವ ಸಾಧನ) ಕನ್ನಡಿಯ ನಂತರ ಕೂತಿದ್ದರೆ ಉಳಿದ ತಪ್ಪು ಅದಕ್ಕೆ ಕಾಣುತ್ತದೆ, ಮುಂದಿನ ಸುತ್ತುಗಳಲ್ಲಿ ತಿದ್ದಿಹೋಗುತ್ತದೆ. ಕನ್ನಡಿಗಿಂತ ಮುಂಚೆ ಇದ್ದರೆ ಕನ್ನಡಿ ಎಷ್ಟು ಬಾಗಿತು ಅಂತ ಅದಕ್ಕೆ ಗೊತ್ತೇ ಆಗುವುದಿಲ್ಲ.

ಪಿಎಂಎನ್ ಅನ್ನುವ ಪಿಂಗಾಣಿ ಬಳಸಿದರೆ ಹಿಸ್ಟೆರಿಸಿಸ್ ಕಡಿಮೆ, ಆದರೆ ಚಳಿಯಲ್ಲಿ ಅದೂ ಕೈಕೊಡುತ್ತದೆ. ನನಗೆ ಇಷ್ಟವಾದ ದಾರಿ ಬೇರೆ: ಕನ್ನಡಿ ಎಲ್ಲಿದೆ ಅಂತ ಪ್ರತಿ ಆಕ್ಚುವೇಟರ್ ಬಳಿಯೇ ಅಳೆಯುವುದು. ವಿಎಲ್‌ಟಿಯ ನಾಲ್ಕನೇ ಟೆಲಿಸ್ಕೋಪಿಗೆ 2016ರಲ್ಲಿ ಕೂರಿಸಿದ ಸೆಕೆಂಡರಿ ಕನ್ನಡಿ ಹೀಗಿದೆ. ಅಗಲ 1.1 ಮೀಟರ್, ದಪ್ಪ ಸುಮಾರು 2 ಮಿ.ಮೀ., ಹಿಂದೆ 1170 ಆಕ್ಚುವೇಟರ್. ಗಾಜನ್ನು ಮುಟ್ಟದೆ ಅಯಸ್ಕಾಂತದ ಬಲದಿಂದಲೇ ತಳ್ಳುತ್ತವೆ, ಎಳೆಯುತ್ತವೆ. ಹಾಗಾಗಿ ಒಂದು ಕೆಟ್ಟರೂ ಗಾಜನ್ನು ಹಿಡಿದುಕೊಂಡು ಕೂರುವುದಿಲ್ಲ.

ನಿಮ್ಮ ಪ್ರಾಜೆಕ್ಟಿಗೆ ಇಷ್ಟು ದುಡ್ಡು ಎಲ್ಲಿಂದ ಬರಬೇಕು, ಬಿಡಿ. ಮೊದಲು ಬೇರೆಯದೇ ಒಂದು ಸಪಾಟು ಕನ್ನಡಿಯಿಂದ ಓರೆಯನ್ನಷ್ಟೇ (ಇಡೀ ಅಲೆ ಒಂದು ಪಕ್ಕಕ್ಕೆ ವಾಲುವುದು) ತಿದ್ದಿ. ಗಾಳಿ ಮಾಡುವ ಏರುಪೇರಿನ ವೇರಿಯನ್ಸ್‌ನಲ್ಲಿ (ಏರುಪೇರಿನ ವರ್ಗಗಳ ಸರಾಸರಿ) ಸುಮಾರು 87% ಈ ಓರೆಯದೇ. ಆಮೇಲೆ ಬಾಗುವ ಕನ್ನಡಿ ಕೆಲವೇ ಮೈಕ್ರಾನ್ ಚಲಿಸಿದರೂ ನಡೆಯುತ್ತದೆ. ಪ್ರತಿಫಲನ ಆಗುವುದರಿಂದ ಗಾಜು 1 ಮೈಕ್ರಾನ್ ಸರಿದರೆ ಅಲೆ 2 ಮೈಕ್ರಾನ್ ಸರಿಯುತ್ತದೆ, ಅದೊಂದು ಲಾಭ. ಬಿಲ್ಲೆ ಅಂಟಿಸುವಾಗ ಎಪಾಕ್ಸಿ ತೆಳುವಾಗಿ, ಎಲ್ಲ ಕಡೆ ಸಮವಾಗಿ ಹಚ್ಚಿ. ಅದು ಗಟ್ಟಿಯಾಗುವಾಗ ಕುಗ್ಗಿ ಗಾಜನ್ನು ಎಳೆಯುತ್ತದೆ, ಪ್ರತಿ ಬಿಲ್ಲೆಯ ಗುರುತು ಮುಂದಿನ ಮೈಮೇಲೆ ಮೂಡುತ್ತದೆ. ಆ ಗುರುತು ಅಳಿಸುವುದರಲ್ಲೇ ನಿಮ್ಮ ಅರ್ಧ ಚಲನೆ ಖರ್ಚಾಗಿಬಿಡಬಹುದು.